ಅತ್ತೆಗೆ ಅನುಕೂಲವಾಗಲೆಂದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಹಳೇ ಮನೆ ಒಡೆಸಿ ನೋಡಿರಲಿಲ್ಲ. ನಮ್ಮದು ಪೇಟೆಯ ಸಂದಿಯಲ್ಲಿ ರೈಲುಡಬ್ಬಿಯ ಹಾಗೆ ಉದ್ದಕ್ಕೆ ಚಾಚಿಕೊಂಡ ಮನೆ. ಬಾಗಿಲಿನಿಂದ ಅಡುಗೆಮನೆಗೆ ಹೋಗಬೇಕಾದರೆ ಕತ್ತಲೆಯ ಇಕ್ಕಟ್ಟು ಓಣಿ, ಎರಡು ತಿರುವು, ಮೂರು ಹೊಸ್ತಿಲು. ಹದಿನೆಂಟು ವರ್ಷ ಆ ಹೊಸ್ತಿಲುಗಳನ್ನು ಎಡವಿ ಬೆರಳು ಜಜ್ಜಿಕೊಂಡವಳು ನಾನು. ಗೋಡೆ ಒಡೆದು ಒಂದೇ ದೊಡ್ಡ ಹಾಲ್ ಮಾಡಿಸಬೇಕೆಂದು ಹಟ ಹಿಡಿದವಳೂ ನಾನೇ. ಗಂಡನನ್ನು ಇದರಲ್ಲಿ ಎಳೆಯುವುದಿಲ್ಲ. ಅವರು ಎಲ್ಲಕ್ಕೂ ಹೂಂ ಅನ್ನುವ ಪೈಕಿ.

ಅತ್ತೆಗೆ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತು, ಆದರೆ ನನಗೇ ಮರೆತುಹೋಗುತ್ತಿತ್ತು. ನಲವತ್ತಕ್ಕೇ ದೃಷ್ಟಿ ಹೋದರೂ ಮನೆಯೊಳಗೆ ಅವರು ಯಾರ ಕೈಯನ್ನೂ ಹಿಡಿದವರಲ್ಲ. ಬಲಗೈಯ ಹಿಂಬದಿಯನ್ನು ಗೋಡೆಗೆ ತಾಗಿಸಿಕೊಂಡು ಸರಸರನೆ ನಡೆಯುತ್ತಿದ್ದರು, ತರಕಾರಿ ಹೆಚ್ಚುತ್ತಿದ್ದರು, ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತಿದ್ದರು. ನಾನು ಸೌಟನ್ನು ಜಾಗ ತಪ್ಪಿಸಿ ಇಟ್ಟರೆ, ಕಣ್ಣಿರೋರು ಇಟ್ಟಿದ್ದನ್ನ ಕಣ್ಣಿಲ್ಲದೋಳು ಹುಡುಕಬೇಕು ನೋಡು ಎಂದು ಚುಚ್ಚುತ್ತಿದ್ದರು.

ಕೆಲಸ ನಡೆದ ನಾಲ್ಕು ತಿಂಗಳು ಅವರನ್ನು ನಾದಿನಿಯ ಮನೆಯಲ್ಲಿ ಇರಿಸಿದೆವು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿಸಿದೆ. ಅತ್ತೆಗೆ ಅನುಕೂಲವಾಗಲೆಂದು ಹೊಸ್ತಿಲು ಕೀಳಿಸಿದೆ, ಜಾರದ ಟೈಲ್ಸ್ ಹಾಕಿಸಿದೆ, ಬಚ್ಚಲಲ್ಲಿ ಹಿಡಿದು ಏಳಲು ಉಕ್ಕಿನ ಸರಳು ಕೂರಿಸಿದೆ. ನಡುಗೋಡೆ ಒಡೆಯುವ ದಿನ ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ನನ್ನನ್ನು ಕರೆದ. ಸೊಂಟದೆತ್ತರದಲ್ಲಿ ಗೋಡೆಯುದ್ದಕ್ಕೂ ಒಂದು ನುಣುಪು ಪಟ್ಟೆ ಇತ್ತು.

"ಅಕ್ಕಾ, ಇಲ್ಲಿ ಯಾರೋ ದಿನಾ ಕೈ ಆಡಿಸಿದಾರೆ."

"ಅದು ಕೊಳೆ. ವರ್ಷಾ ವರ್ಷಾ ಸುಣ್ಣ ಹೊಡೆದು ಸಾಕಾಗಿದೆ ನಂಗೆ. ಒಡೀರಿ."

ಅವನು ಒಡೆದ.

ಅತ್ತೆ ವಾಪಸು ಬಂದ ಬೆಳಿಗ್ಗೆ ಮಕ್ಕಳು ಶಾಲೆಗೂ ಹೋಗದೆ ಕಾದಿದ್ದರು. ಅವರು ಚಪ್ಪಲಿ ಬಿಟ್ಟು, ಬಾಗಿಲು ದಾಟಿ, ಎಂದಿನಂತೆ ಬಲಗೈ ಚಾಚಿದರು. ಏನೂ ಸಿಗಲಿಲ್ಲ. ಎರಡು ಹೆಜ್ಜೆ ಇಟ್ಟು ಮತ್ತೆ ಚಾಚಿದರು. ಆಮೇಲೆ ಎಡಗೈಯನ್ನೂ ಚಾಚಿದರು. ಹಾಗೇ ಹಾಲ್‌ನ ನಟ್ಟನಡುವೆ ನಿಂತುಬಿಟ್ಟರು.

"ಎಲ್ಲಿದೀನಮ್ಮಾ ನಾನು?"

ಅವರನ್ನು ಅಷ್ಟು ವರ್ಷ ನಡೆಸಿದ್ದು ಆ ಗೋಡೆ ಎಂದು ಆಗ ನನಗೆ ತಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ. ಅತ್ತೆ ಒಂದು ಸಲ ಬಾಯ್ತುಂಬ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಗಾಳಿ ಚೆನ್ನಾಗಿ ಆಡುತ್ತೆ ಎಂದು ಮನೆಯನ್ನು ಹೊಗಳಿದರು.

ಗಂಡ ಈ ತುದಿಯಿಂದ ಆ ತುದಿಗೆ ಹಗ್ಗ ಕಟ್ಟಿದರು. ಹಗ್ಗ ಜೋಲುತ್ತದೆ, ಗೋಡೆ ಜೋಲುವುದಿಲ್ಲ. ಅತ್ತೆ ಒಮ್ಮೆ ಹಿಡಿದು ನೋಡಿ, ಮಕ್ಕಳು ಎಡವುತ್ತಾರೆ ಬಿಚ್ಚಿಬಿಡು ಅಂದರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತವರು ಅಲ್ಲೇ ಉಳಿದರು. ನಾವಿಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೊರಟರೆ, ಸಂಜೆ ಬಂದಾಗಲೂ ಅದೇ ಕುರ್ಚಿ.

ಮೂರನೇ ವಾರ ಜ್ವರ ಬಂತು. ಮೈಯಲ್ಲಿ ನೀರಿನಂಶವೇ ಇಲ್ಲ, ಇವರು ನೀರು ಕುಡಿಯುತ್ತಿಲ್ಲವೇ ಎಂದು ಡಾಕ್ಟರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಆ ಸಿಟ್ಟನ್ನೆಲ್ಲ ನಾನು ಅತ್ತೆಯ ಮೇಲೆ ತೀರಿಸಿದೆ. ಕೈಗೆಟುಕುವ ಹಾಗೆ ಬಾಟ್ಲಿ ತುಂಬಿಟ್ಟು ಹೋಗುತ್ತೇನಲ್ಲ, ಕುಡಿಯಲು ಏನು ಕಷ್ಟ ಎಂದು ಕೂಗಾಡಿದೆ.

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಕುಡಿದ್ರೆ ಬಚ್ಚಲಿಗೆ ಹೋಗಬೇಕಲ್ಲಮ್ಮ. ದಾರಿ ಸಿಗಲ್ಲ ನಂಗೆ."

ನಾನು ಲೋಟಕ್ಕೆ ನೀರು ಬಗ್ಗಿಸಿ ಅವರ ಕೈಗೆ ಕೊಟ್ಟೆ. ಅವರು ಲೋಟವನ್ನು ತುಟಿಯ ಹತ್ತಿರ ಒಯ್ದು ತಡೆದರು.

"ಇವತ್ತು ನೀನು ಮನೇಲೇ ಇರ್ತೀಯಾ?"

ಇರ್ತೀನಿ ಅಂದೆ. ಆಮೇಲೆ ಒಂದೇ ಉಸಿರಿಗೆ ಅಷ್ಟೂ ಕುಡಿದು, ಇನ್ನೊಂದು ಲೋಟ ಕೇಳಿದರು.