ಇಳಿದ ಹೆಗಲು

“ನೀ ಸತ್ತ ದಿನ ಇದ ಹೆಗಲ ಮ್ಯಾಗ ಹೋಗಾಂವ ನೀ. ಬರದಿಟ್ಕೊ,” ಎಂದು ಸೂಗಪ್ಪಗೌಡ ರಾಯಚೂರಿನ ದವಾಖಾನೆಯ ಮಂಚದ ಮೇಲೆ ಮಲಗಿಕೊಂಡು ಹೇಳಿ ಎಂಟು ವರ್ಷವಾಗಿತ್ತು. ಬರೆದಿಟ್ಟುಕೊಳ್ಳಲು ಸುಂಕಪ್ಪನಿಗೆ ಬರಹ ಬರುತ್ತಿರಲಿಲ್ಲ. ಮಾನ್ವಿಗೆ ಬಂದವನೇ ಹೆಂಡತಿಗೆ ಹೇಳಿದ. ಆಮೇಲೆ ವರ್ಷಕ್ಕೆ ಎರಡು ಸಲವಾದರೂ ಹೇಳುತ್ತಲೇ ಇದ್ದ.

ಈಗ ಆ ಹೆಂಡತಿ ಮಾನಮ್ಮ ಗಂಡನ ಚಟ್ಟದ ಬಿದಿರನ್ನು ಎರಡೂ ಕೈಯಿಂದ ನೆಲಕ್ಕೆ ಒತ್ತಿ ಹಿಡಿದಿದ್ದಳು. ಇನ್ನೊಂದು ತುದಿ ಎತ್ತಲು ಬಗ್ಗಿದ್ದ ಮೈದುನ ಮೌನಪ್ಪ ಬಗ್ಗಿದಲ್ಲೇ ಉಳಿದ.

“ಬಿಡತ್ತಿಗಿ. ಹೊತ್ತು ಇಳೀತು.”

“ಇನ್ನಾ ಇಳಿದಿಲ್ಲ. ಬೇವಿನ ನೆಳ್ಳು ಗ್ವಾಡಿ ಮುಟ್ಟಿಲ್ಲ.”

“ನೆಳ್ಳು ಮುಟ್ಟತದ. ಗೌಡ ಮುಟ್ಟಂಗಿಲ್ಲ.”

ಅಂಗಳದಲ್ಲಿ ಕೂತವರು ಯಾರೂ ನಗಲಿಲ್ಲ. ಹಲಗೆಯವರು ಮುಂಜಾನೆಯಿಂದ ಬಾರಿಸಿ ಸಾಕಾಗಿ, ಹಲಗೆಗಳನ್ನು ಬೆಂಕಿಗೆ ಕಾಸಿಕೊಳ್ಳುತ್ತ ಕೂತಿದ್ದರು. ಸುಂಕಪ್ಪನ ಸೋದರತ್ತೆ ತಿಮ್ಮವ್ವ ಎಲೆ ಅಡಿಕೆಯ ಚೀಲ ಬಿಚ್ಚಿ, ಮತ್ತೆ ಕಟ್ಟಿದಳು.

“ಇದ್ದಾಗ ಗೌಡರ ಓಣ್ಯಾಗ ಕೆರ ಕೈಯಾಗ ಹಿಡಕೊಂಡು ಹೋಗ್ತಿದ್ದ. ಸತ್ತ ಮ್ಯಾಗ ಗೌಡನ ಹೆಗಲು ಬೇಕಂತ ನನ್ನ ಅಳಿಯಗ,” ಎಂದಳು. “ಏ ಮಾನಿ, ಹೆಣ ಹೋಗೂತನಕ ಒಲಿ ಹಚ್ಚಂಗಿಲ್ಲ. ಅಲ್ಲಿ ನೋಡು, ಕೂಸು ಹಸಗೊಂಡು ಮಲಗ್ಯದ.”

ಮಾನಮ್ಮ ನೋಡಿದಳು. ಮಗಳು ಶೇಖಮ್ಮ ಗೋಡೆಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಚಟ್ಟದ ಮೇಲೆ ಚೆಲ್ಲಿದ್ದ ಮಂಡಕ್ಕಿಯ ನಾಲ್ಕು ಕಾಳು ಅವಳ ಗಲ್ಲಕ್ಕೆ ಅಂಟಿದ್ದವು. ಹಸಿವಿಗೆ ಎತ್ತಿ ತಿಂದಿರಬೇಕು. ಮಾನಮ್ಮನ ಕೈ ಒಂದಿಷ್ಟು ಸಡಿಲಾಯಿತು, ಆದರೆ ಬಿದಿರನ್ನು ಬಿಡಲಿಲ್ಲ.

ಸುಂಕಪ್ಪ ಹತ್ತಿ ಅಂಡಿಗೆ ಹೊರುವ ಹಮಾಲಿ. ಒಂಬತ್ತು ದಿನದ ಜ್ವರದಲ್ಲಿ ಕರಗಿ, ಬೆಳಕು ಹರಿಯುವ ಹೊತ್ತಿಗೆ ಹೋಗಿದ್ದ. ಹೋಗುವ ಎರಡು ದಿನ ಮೊದಲು, ಯಾರೂ ಕೇಳದೆ ತಾನಾಗಿಯೇ ಹೇಳಿದ್ದ: “ದೇವದುರ್ಗಕ್ಕ ಗೌಡಗ ಹೇಳಿ ಕಳಿಸಬ್ಯಾಡ. ಬಂದ್ರ ಅವಗ ತ್ರಾಸು. ಬರದಿದ್ರ ನನಗ ತ್ರಾಸು.”

ಆದರೂ ಮಾನಮ್ಮ ಹೇಳಿ ಕಳಿಸಿದ್ದಳು. ಪೇಟೆಯಲ್ಲಿ ಬಟ್ಟೆ ಅಂಗಡಿಯ ಸತ್ತಾರ್ ಸಾಬ್ ಗಂಡನ ಹಳೆಯ ಜೊತೆಗಾರ. ಸುದ್ದಿ ಕೇಳಿ ಓಡಿ ಬಂದವನನ್ನು ಹಾಗೇ ಸಿರವಾರದ ಮೇಲೆ ದೇವದುರ್ಗಕ್ಕೆ ಹೊರಟಿದ್ದ ಹತ್ತಿ ಲಾರಿಗೆ ಹತ್ತಿಸಿದ್ದಳು. ಈಗ ಅದೇ ಅವಳ ಎದೆಯಲ್ಲಿ ಕಲ್ಲಾಗಿತ್ತು. ಗಂಡ ಎಂಟು ವರ್ಷ ಆ ಒಂದು ಮಾತನ್ನು ಕೈಯಲ್ಲಿ ಹಿಡಿದುಕೊಂಡೇ ಬದುಕಿದ. ಅದು ಸುಳ್ಳೋ ಖರೆಯೋ ನೋಡಲು ಹೋಗಲಿಲ್ಲ. ಅವನು ಕಣ್ಣು ಮುಚ್ಚಿ ಒಂದು ತಾಸಾಗಿರಲಿಲ್ಲ, ಇವಳು ನೋಡಲು ಕಳಿಸಿದ್ದಳು.

*

ಸುಂಕಪ್ಪನಿಗೂ ಗೌಡನಿಗೂ ನಂಟು ಹಾಕಿದ್ದು ಒಂದು ಆಟ. ಅದನ್ನು ಈ ಕಡೆಗೆ ತಂದವನು ಕಾಲುವೆಯ ಅಳತೆಗೆ ಬಂದಿದ್ದ ಒಬ್ಬ ದೊರೆ. ಅವನದು ಆಸ್ಟ್ರೇಲಿಯಾ ಎಂಬ ದೇಶ. ಆಗ ಸುಂಕಪ್ಪ ಅವನ ಅಳತೆಯ ಸರಪಳಿ ಎಳೆಯುವ ಕೂಲಿ. ದೊರೆಯ ಡೇರೆಯಲ್ಲಿ ಒಂದು ತೊಗಲಿನ ಚೆಂಡಿತ್ತು, ಗುಂಡಗಲ್ಲ, ಕೋಳಿ ತತ್ತಿಯ ಹಾಗೆ. ಸಂಜೆಯ ಬೇಸರಕ್ಕೆ ಅವನು ಸರಪಳಿಯವರನ್ನು, ಗುಮಾಸ್ತರನ್ನು, ನೋಡಲು ಬಂದ ಗೌಡರ ಮಕ್ಕಳನ್ನು ಸೇರಿಸಿ ತನ್ನ ದೇಶದ ಆಟ ಆಡಿಸಿದ. ಆ ಕಡೆ ನಾಲ್ಕು ಗಳ, ಈ ಕಡೆ ನಾಲ್ಕು ಗಳ. ಚೆಂಡನ್ನು ಒದ್ದು ನಡುವಿನ ಎರಡು ಗಳಗಳ ಮಧ್ಯೆ ದಾಟಿಸಬೇಕು, ಗಾಳಿಯಲ್ಲಿ ಬಂದರೆ ಹಿಡಿಯಬೇಕು. ಹಿಡಿಯಲು ಎದುರಾಳಿಯ ಬೆನ್ನು ಹೆಗಲು ಏರಿದರೂ ತಪ್ಪಿಲ್ಲ. ಹಿಡಿದವನ ಸುತ್ತ ಆಟ ನಿಲ್ಲುತ್ತದೆ. ಎಲ್ಲರೂ ಹಿಂದೆ ಸರಿದು, ಅವನಿಗೆ ನೆಮ್ಮದಿಯಾಗಿ ಒದೆಯಲು ಬಿಡಬೇಕು.

ಈ ಆಟದಲ್ಲಿ ಮಡಿ ಮೈಲಿಗೆ ನಡೆಯುವುದಿಲ್ಲ ಎಂದು ದೊರೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನಿಗೆ ಅದೇನೆಂದೇ ಗೊತ್ತಿರಲಿಲ್ಲ.

ಮೊದಲ ದಿನ ಸುಂಕಪ್ಪ ಹಾರಲಿಲ್ಲ. ಮುಂದೆ ನಿಂತವನು ದೇವದುರ್ಗ ಕಡೆಯ ಗೌಡರ ಮಗ ಸೂಗಪ್ಪ. ಚೆಂಡು ಬಂತು, ಹೋಯಿತು. ದೊರೆ ಬೈದ. ಸೂಗಪ್ಪ ತಿರುಗಿ, “ಏರಲೇ. ನಾ ಏನು ಗುಡಿಯೇನು, ಒಳಗ ಬರಬ್ಯಾಡ ಅನ್ನಾಕ?” ಎಂದ. ಎರಡನೆಯ ಸಲ ಸುಂಕಪ್ಪ ಏರಿದ.

ಆಮೇಲೆ ಅವನನ್ನು ಇಳಿಸುವವರಿಲ್ಲವಾಯಿತು. ಮಾನ್ವಿ, ದೇವದುರ್ಗ, ರಾಯಚೂರು, ಮೂರು ಊರೂ ಒಂದೊಂದು ತಂಡ ಕಟ್ಟಿದವು. ಮಾನ್ವಿಯ ತಂಡಕ್ಕೆ ಸತ್ತಾರ್ ಸಾಬ್ ನಾಯಕ, ಸುಂಕಪ್ಪ ಜೀವ. ಮಲ್ಲಟ, ಹಿರೇಕೊಟ್ನೆಕಲ್ಲಿನ ಮಂದಿ ಬಂಡಿ ಕಟ್ಟಿಕೊಂಡು ಬಂದು, ಬಂಡಿಯ ಮೇಲೆ ನಿಂತು ನೋಡುತ್ತಿದ್ದರು. ಅವನು ಹಾರಿದರೆ, ಇಳಿಯುವಷ್ಟರಲ್ಲಿ ಒಂದು ಎಲೆ ಮಡಚಿ ಬಾಯಿಗೆ ಹಾಕಿಕೊಳ್ಳಬಹುದು ಎನ್ನುತ್ತಿದ್ದರು.

ರಾತ್ರಿ ರೊಟ್ಟಿ ಮುರಿಯುತ್ತ ಅವನು ಮಾನಮ್ಮನಿಗೆ ಹೇಳಿದ್ದ: “ಊರಾಗೂ ನನ್ನ ಕಂಡ್ರ ಹಿಂದ ಸರೀತಾರ. ಅಲ್ಲಿನೂ ಸರೀತಾರ. ಆದ್ರ ಅಲ್ಲಿ ಸರಿದ ಮ್ಯಾಗ ನೋಡ್ತಾರ ಬೇ.”

*

ನಲವತ್ತೊಂದರ ಬೇಸಿಗೆಯಲ್ಲಿ ರಾಯಚೂರಿನ ಮೈದಾನದಲ್ಲಿ ಮಾನ್ವಿಗೂ ದೇವದುರ್ಗಕ್ಕೂ ಪಂದ್ಯ. ಕೊನೆಯ ಗಳಿಗೆಯಲ್ಲಿ ಚೆಂಡು ಎಷ್ಟು ಮೇಲೆ ಹೋಯಿತೆಂದರೆ ಬಿಸಿಲಿನಲ್ಲಿ ಕಾಣದಾಯಿತು. ಅದರ ಕೆಳಗೆ ಸೂಗಪ್ಪ ಕೈ ಎತ್ತಿ ನಿಂತಿದ್ದ. ಹಿಂದಿನಿಂದ ಓಡಿ ಬಂದ ಸುಂಕಪ್ಪನ ಮೊಣಕಾಲು ಅವನ ಎಡ ಹೆಗಲ ಮೇಲೆ ಕೂತಿತು. ಒಣ ಕಟ್ಟಿಗೆ ಮುರಿದಂಥ ಸಪ್ಪಳ ಕಡೆಯ ಬಂಡಿಯವರೆಗೂ ಕೇಳಿತು. ಸುಂಕಪ್ಪ ಚೆಂಡು ಹಿಡಿದುಕೊಂಡೇ ನೆಲಕ್ಕೆ ಬಿದ್ದ. ಸೂಗಪ್ಪ ಏಳಲಿಲ್ಲ.

ಗೌಡನ ಎಲುಬು ಮುರಿದವನು ಯಾರೆಂದು ಎಲ್ಲರಿಗೂ ಒಟ್ಟಿಗೇ ನೆನಪಾದಂತಿತ್ತು. ದೇವದುರ್ಗದ ಬಂಡಿಗಳಿಂದ ಐದಾರು ಮಂದಿ ಬಡಿಗೆ ಹಿಡಿದು ಇಳಿದರು. ಸುಂಕಪ್ಪ ಚೆಂಡನ್ನು ಎದೆಗೆ ಅವುಚಿಕೊಂಡು ಕೂತೇ ಇದ್ದ.

ನೆಲದ ಮೇಲಿದ್ದ ಸೂಗಪ್ಪ ತಲೆ ಎತ್ತಿದ.

“ಹಿಡದಾನ,” ಎಂದ. “ಹಿಂದ ಸರೀರಿ. ಅವಗ ಒದಿಯಾಕ ಬಿಡ್ರಿ.”

ಬಡಿಗೆಯವರು ನಿಂತರು. ಸುಂಕಪ್ಪ ಎದ್ದು ಒದ್ದ. ಚೆಂಡು ನಡುವಿನ ಎರಡು ಗಳಗಳ ಮಧ್ಯೆ ಹೋಯಿತು.

ಮೂರನೆಯ ದಿನ ಸುಂಕಪ್ಪ ದವಾಖಾನೆಯ ಬಾಗಿಲ ಹೊರಗೆ ನಿಂತ. ಒಳಗಿನಿಂದಲೇ ಸೂಗಪ್ಪ ಕರೆದ. ಇಷ್ಟು ಸಲ ಏರಿದ್ದೀ, ಕಡೆಯ ಸಲವೂ ಇದೇ ಹೆಗಲು ಎಂದು ಮಾತು ಕೊಟ್ಟದ್ದು ಆವಾಗ.

“ನೀವು ಮೊದಲ ಹೋದ್ರ, ಧಣಿ?” ಎಂದು ಸುಂಕಪ್ಪ ಕೇಳಿದ.

“ನಮ್ಮ ಮಂದಿ ನಿನಗ ಮುಟ್ಟಗೊಡಂಗಿಲ್ಲಲೇ. ಅದಕ್ಕ ನೀನ ಮೊದಲ ಸಾಯಬೇಕು.”

ಇಬ್ಬರೂ ನಕ್ಕರು. ನಕ್ಕಿದ್ದಕ್ಕೆ ಮುರಿದ ಎಲುಬು ನೊಂದು ಸೂಗಪ್ಪ ಅವನಿಗೆ ಕೆಟ್ಟದಾಗಿ ಬೈದ.

ಮುಂದಿನ ವರ್ಷ ದೊರೆ ಯುದ್ಧಕ್ಕೆ ಹೋದ. ಚೆಂಡಿನೊಳಗಿನ ರಬ್ಬರು ಒಡೆಯಿತು, ಬೇರೆ ಎಲ್ಲಿಯೂ ಸಿಗಲಿಲ್ಲ. ಆಟ ಮುಗಿಯಿತು. ಸುಂಕಪ್ಪ ಅಂಡಿಗೆ ಹೊರಲು ಹೋದ. ಅದಕ್ಕಾಗಿ ಅವನು ಅತ್ತದ್ದನ್ನು ಮಾನಮ್ಮ ನೋಡಿರಲಿಲ್ಲ. “ಮೂರು ವರ್ಷ ಆಡೀನಿ ಬೇ, ಮೂರು ವರ್ಷ. ಯಾರಿಗೆ ಸಿಕ್ಕದ?” ಎನ್ನುತ್ತಿದ್ದ.

*

ಬೇವಿನ ನೆರಳು ಗೋಡೆಗೆ ಮುಟ್ಟಿತು. ಮಾನಮ್ಮ ಅದನ್ನು ನೋಡಿ, ಬಿದಿರಿನಿಂದ ಕೈ ತೆಗೆದಳು.

“ಎತ್ತು, ಮೌನಪ್ಪ.”

ಆಗ ಕೇರಿಯ ತುದಿಯಲ್ಲಿ ನಾಯಿ ಬೊಗಳಿತು. ಸತ್ತಾರ್ ಸಾಬ್ ಬರುತ್ತಿದ್ದ. ಮೈಯೆಲ್ಲ ಧೂಳು, ಟೊಪ್ಪಿಗೆ ಕೈಯಲ್ಲಿ. ಅವನ ಹಿಂದೆ ಇನ್ನೊಬ್ಬ. ಅವನ ಎಡ ಹೆಗಲು ಬಲಕ್ಕಿಂತ ನಾಲ್ಕು ಬೆರಳು ಇಳಿದಿತ್ತು.

“ಸಿರವಾರದಾಗ ಲಾರಿ ಕೆಟ್ಟಿತವ್ವಾ,” ಎಂದ ಸತ್ತಾರ್ ಸಾಬ್. “ಮಲ್ಲಟತನಕ ಬಂಡಿ, ಅಲ್ಲಿಂದ ಕಾಲು. ಈ ಗೌಡ ಓಡಂಗಿಲ್ಲ, ಕುಂತ್ರ ಏಳಂಗಿಲ್ಲ.”

ಅಂಗಳದವರು ಎದ್ದು ಗೋಡೆಗೆ ಸರಿದರು. ಸೂಗಪ್ಪ ಚಟ್ಟದ ಬಳಿ ಬಂದು ಬಗ್ಗಿ ನೋಡಿದ.

“ಹಗುರಾಗ್ಯಾನ,” ಎಂದ.

ಮೌನಪ್ಪ ಅಡ್ಡ ನಿಂತ. “ಗೌಡ್ರ, ನೀವು ಬಂದದ್ದ ಸಾಕು. ಹೊರಬ್ಯಾಡ್ರಿ. ನಾಳಿ ನಿಮ್ಮ ಮಂದಿ ನಮ್ಮ ಮ್ಯಾಗ ಬಂದ್ರ ಯಾರಿಗೆ ಹೇಳೂದು?”

“ಹೇಳೇ ಬಂದೀನಿ ನಾ. ಕದ್ದು ಬಂದಿಲ್ಲ.”

“ಏನಂದ್ರು?”

“ತಿರುಗಿ ಬಂದ್ರ ಅಂಗಳದಾಗ ಇರು ಅಂದ್ರು. ಬ್ಯಾಸಗಿ ಅದ. ಅಂಗಳಾನ ತಂಪು.”

ತಿಮ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಮೌನಪ್ಪ ಅತ್ತಿಗೆಯ ಮುಖ ನೋಡಿದ. ಎಲ್ಲರೂ ಅವಳನ್ನೇ ನೋಡಿದರು. ಮಾನಮ್ಮ ಸೂಗಪ್ಪನ ಇಳಿದ ಹೆಗಲನ್ನು ನೋಡುತ್ತಿದ್ದಳು. ಗಂಡನ ಬಾಯಿಯಿಂದ ಎಷ್ಟೋ ಸಲ ಕೇಳಿದ್ದ ಆ ಹೆಗಲನ್ನು ಅವಳು ಕಂಡದ್ದು ಇದೇ ಮೊದಲು.

“ಬಲಗಡಿ ಹಿಡೀರಿ, ಧಣಿ. ಎಡಕ ನೋವಾಗತದ.”

“ಅಂವ ಯಾವತ್ತೂ ಎಡಕ್ಕ ಏರ್ತಿದ್ದವ್ವಾ,” ಎಂದು ಸೂಗಪ್ಪ ಮುಂದಿನ ಎಡ ಬಿದಿರಿಗೆ ಇಳಿದ ಹೆಗಲನ್ನೇ ಕೊಟ್ಟ.

ಬಲಕ್ಕೆ ಸತ್ತಾರ್ ಸಾಬ್, ಹಿಂದೆ ಮೌನಪ್ಪ ಮತ್ತು ಇನ್ನೊಬ್ಬ ಹಮಾಲಿ. ಚಟ್ಟ ಎದ್ದಿತು. ಎದ್ದದ್ದೇ ಎಡಕ್ಕೆ ವಾಲಿತು. ಸುಂಕಪ್ಪನ ತಲೆಯೂ ವಾಲಿ, ಸೂಗಪ್ಪನ ಕಿವಿಗೆ ಏನೋ ಹೇಳುವ ಹಾಗೆ ನಿಂತಿತು. ಹಲಗೆಗಳು ಸುರುವಾದವು. ಮಾನಮ್ಮ ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿ ಕೈ ಹಿಡಿದುಕೊಂಡು ಹಿಂದೆ ನಡೆದಳು.

ಕೇರಿಯ ಹೆಣಗಳು ಯಾವಾಗಲೂ ಕೆರೆಯ ಹಿಂದಿನ ಕಾಲುದಾರಿಯಲ್ಲಿ ಹೋಗುತ್ತಿದ್ದವು. ಅದು ಸೂಗಪ್ಪನಿಗೆ ಗೊತ್ತಿರಲಿಲ್ಲ. ಕೇರಿ ದಾಟಿದ ಕೂಡಲೇ ಅವನು ಕಣ್ಣಿಗೆ ಕಂಡ ಅಗಲದ ರಸ್ತೆ ಹಿಡಿದ, ನೇರ ಪೇಟೆಗೆ. ಹಲಗೆಯವರು ಒಂದು ಗಳಿಗೆ ತಡೆದರು. “ಗೌಡ್ರ, ದಾರಿ...” ಎಂದು ಮೌನಪ್ಪ ಹಿಂದಿನಿಂದ ಬಾಯಿ ತೆರೆದ. ಸತ್ತಾರ್ ಸಾಬ್ ತಿರುಗದೇ, “ಸುಮ್ನ ನಡಿ,” ಎಂದ.

ಪೇಟೆಯಲ್ಲಿ ಅಂಗಡಿಯವರು ಎದ್ದು ನಿಂತರು. ಚಟ್ಟ ಬಂದ ಹಾಗೆ ಜನ ಎರಡೂ ಕಡೆಗೆ ಹಿಂದೆ ಸರಿದರು. ಸರಿದ ಮೇಲೆ ನೋಡಿದರು.

ಮಂಡಕ್ಕಿ ಎಡಗಡೆಗೇ ಜಾರಿ ಸೂಗಪ್ಪನ ರುಮಾಲಿನ ಮೇಲೆ, ಅಂಗಿಯ ಮೇಲೆ ಉದುರುತ್ತಿತ್ತು. ಮೌನಪ್ಪ ಮೂರು ಸಲ, ಹೆಗಲು ಬದಲಿಸಿರಿ ಎಂದ. ಹೂಳುವ ಕುಣಿಯವರೆಗೂ ಸೂಗಪ್ಪ ಹೆಗಲು ಬದಲಿಸಲಿಲ್ಲ. ಕೊಟ್ಟ ಮಾತು ಉಳಿಯಿತು.