ಬಲಗೈಯ ರಕ್ತ

ವಾರದ ಜಿಟಿಜಿಟಿ ಮಳೆ ಬಿಟ್ಟು, ಆ ಮುಂಜಾನೆ ಮುಗದ ಊರಿನ ಮೇಲೆ ಒಂದು ಎಳೆ ಮೋಡವೂ ಇರಲಿಲ್ಲ. ಒದ್ದೆ ಹೆಂಚುಗಳಿಂದ ಹಬೆ ಏಳುತ್ತಿತ್ತು. ಬಿಸಿಲು ಪಡಸಾಲೆಯ ತನಕ ಬಂದು ಕೂತಿತ್ತು. ಪೂಜೆಗೆ ಕೂತಿದ್ದ ಬಾಳವ್ವ ಒಳಗಿನಿಂದ ತಂಗಿಯನ್ನು ಕರೆದಳು.

"ಕಲ್ಲವ್ವಾ, ಇವತ್ತೂ ಮೋಡ ಆಗೇತೇನ? ದೀಪದ ಕುಡಿ ಸಣ್ಣ ಮಾಡೀಯೇನ?"

"ಮೋಡ ಎಲ್ಲೈತಿ ಯಕ್ಕಾ? ಹಪ್ಪಳ ಒಣಗಸೂವಂಥಾ ಬಿಸಲ ಬಿದ್ದೈತಿ."

ಬಾಳವ್ವ ಅಂಗೈ ಮೇಲಿನ ಲಿಂಗವನ್ನು ಇನ್ನಷ್ಟು ಹತ್ತಿರ ಹಿಡಿದಳು. ದೀಕ್ಷೆಯಾದಾಗಿನಿಂದ ದಿನವೂ ಅದರ ಕಪ್ಪು ಮೈಯಲ್ಲಿ ದೀಪದ ಕುಡಿ ಜೋಳದ ಕಾಳಿನಷ್ಟು ಹೊಳೆಯುತ್ತಿತ್ತು. ಆ ಹೊಳಪಿನಲ್ಲಿ ಕಣ್ಣು ನಿಂತರೆ ಮನಸ್ಸೂ ನಿಲ್ಲುತ್ತಿತ್ತು. ಅವಳ ಪೂಜೆಯೆಂದರೆ ಅಷ್ಟೇ. ಈಗ ಬೆರಳ ತುದಿಗಳು ಮಸುಕಾಗಿ ಕಂಡವು. ನಡುವೆ, ಲಿಂಗವಿರುವಲ್ಲಿ, ಬರೀ ಕತ್ತಲೆ.

"ಕಾಣವಲ್ದು," ಎಂದಳು ಮೆಲ್ಲಗೆ. "ಕೈಯಾಗ ಐತಿ, ಕಾಣವಲ್ದು."

ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟ ಅಕ್ಕತಂಗಿಯರು ಇವರು. ಸಕ್ಕರೆ ಕಾಯಿಲೆಯೂ ಇಬ್ಬರಿಗೂ ಬಂದಿತ್ತು. ಹಿಂದಿನ ವರ್ಷದ ಶ್ರಾವಣದಲ್ಲಿ ಧಾರವಾಡದ ಡಾಕ್ಟರ್ ನಾಹಿದಾ ಊರ ಶಾಲೆಯಲ್ಲಿ ಎರಡು ದಿನ ರಕ್ತ ತಪಾಸಣೆ ಇಟ್ಟಿದ್ದರು. ಸಕ್ಕರೆ ಇದ್ದವರ ರಕ್ತದಲ್ಲಿ ಕೆಲವು ಅಂಶಗಳು ಏರಿದ್ದರೆ ಕಣ್ಣಿನ ಒಳಪರದೆ ಕೆಡುವ ಸಂಭವ ಹೆಚ್ಚು, ಅಂಥವರನ್ನು ಮೊದಲು ಕರೆಸಿ ಕಣ್ಣು ನೋಡುತ್ತೇವೆ ಎಂದು ತಿಳಿಸಿ ಹೇಳಿದ್ದರು. ರಕ್ತ ಚೆನ್ನಾಗಿದ್ದವರೂ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು ಎಂದೂ ಹೇಳಿದ್ದರು.

ಭಾನುವಾರ ಕಲ್ಲವ್ವ ರಕ್ತ ಕೊಟ್ಟು ಬಂದಳು. ಬಾಳವ್ವ ಆ ದಿನ ಸುಳ್ಳ ಎಂಬ ಊರಿನಲ್ಲಿ ನೆಂಟರ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಮರುದಿನ ಸೋಮವಾರ.

"ಶ್ರಾವಣ ಸೋಮವಾರ ನಾ ರಕ್ತ ತಗಸೂದಿಲ್ಲವಾ. ನನ್ನ ನೇಮ ಅದು."

"ನೇಮ ನಿಂದು, ನಂದಲ್ಲಲಾ. ಒಂದ ಹೊಟ್ಯಾಗ ಹುಟ್ಟೀವಿ, ಒಂದ ಗಡಿಗ್ಯಾಗಿನ ಅನ್ನ ಉಣತೇವಿ. ರಕ್ತ ಬ್ಯಾರೆ ಆಗತೈತೇನ? ನಿನ್ನಿ ಎಡಗೈ ನಂದು, ಇವತ್ತ ಬಲಗೈ ನಿಂದು."

"ಸೂಜಿ ಅಂದ್ರ ಹಿತ್ತಲಕ್ಕ ಓಡಾಕಿ ನೀ. ಭಾಳ ಧೈರ್ಯ ಬಂತಲ್ಲ," ಎಂದು ಬಾಳವ್ವ ನಕ್ಕು ಹೂಂ ಅಂದಳು.

ಕಲ್ಲವ್ವ ಸೆರಗು ಮುಂದೆಳೆದುಕೊಂಡು, ಅಕ್ಕನ ಹೆಸರು ಹೇಳಿ, ಬಲಗೈ ಚಾಚಿ ಬಂದಳು. ಶಿವನು ಒಂದೇ ಗರ್ಭದಲ್ಲಿಟ್ಟು ಕಳಿಸಿದರೂ ಒಬ್ಬೊಬ್ಬರ ಮೈಗೆ ಒಂದೊಂದು ಲೆಕ್ಕ ಬರೆದಿರುತ್ತಾನೆ ಎಂಬುದು ಆ ದಿನ ಇಬ್ಬರಿಗೂ ಹೊಳೆಯಲಿಲ್ಲ. ಬಾಳವ್ವನ ಹೆಸರಿನ ಕಾಗದ ಬಂತು. ಡಾಕ್ಟರ್ ಹೇಳಿದ್ದ ಅಂಶ ಯಾವುದೂ ಏರಿರಲಿಲ್ಲ. ಆಮೇಲೆ ಸಂಜೆಗಳು ಮಸುಕಾದಾಗಲೆಲ್ಲ ಅವಳು, "ರಕ್ತ ಛಲೋ ಐತಲ್ಲ, ವಯಸ್ಸಾತು," ಎಂದು ಕಣ್ಣಿಗೆ ತಣ್ಣೀರು ಚಿಮುಕಿಸಿಕೊಂಡು ಸುಮ್ಮನಾದಳು. ಕಣ್ಣು ತೋರಿಸಲು ಹೋಗಲಿಲ್ಲ.

ಲಿಂಗ ಕಾಣದಾದ ದಿನ ಮಧ್ಯಾಹ್ನವೇ ಇಬ್ಬರೂ ಬಸ್ಸು ಹತ್ತಿ ಧಾರವಾಡಕ್ಕೆ ಹೋದರು. ಡಾಕ್ಟರ್ ನಾಹಿದಾ ಕಣ್ಣಿಗೆ ಹನಿ ಬಿಟ್ಟು, ಬೆಳಕು ಹಿಡಿದು, ಬಹಳ ಹೊತ್ತು ನೋಡಿದರು.

"ಒಳಗ ರಕ್ತ ಸೋರೈತ್ರಿ ಬಾಳವ್ವಾರ. ಎಡಗಣ್ಣಿನ ಆಸೆ ಕಡಿಮಿ. ಬಲಗಣ್ಣಿಗೆ ಔಷಧ ಚುಚ್ಚಿ ಇದ್ದಷ್ಟು ಉಳಸಾಕ ನೋಡೂಣು."

"ಲಿಂಗದಾಗ ದೀಪ ಕಾಣತೈತೇನ್ರಿ?"

"ಹಂಗಂತ ಮಾತು ಕೊಡಾಕ ಬರೂದಿಲ್ರಿ." ಡಾಕ್ಟರ್ ಹಳೆಯ ಕಾಗದ ತಿರುವಿ ನೋಡಿದರು. "ರಕ್ತ ಛಲೋ ಇದ್ದವ್ರಿಗೂ ಒಮ್ಮೊಮ್ಮೆ ಹಿಂಗ ಆಗತೈತಿ. ಆದ್ರ ಇಷ್ಟು ಲಗೂ…"

"ಅದು ನನ್ನ ರಕ್ತರೀ," ಎಂದಳು ಕಲ್ಲವ್ವ.

ನಡೆದದ್ದನ್ನು ಕೇಳಿ ಡಾಕ್ಟರ್ ಕಾಗದವನ್ನು ಮೇಜಿನ ಮೇಲಿಟ್ಟರು. "ಒಬ್ಬರ ರಕ್ತ ಇನ್ನೊಬ್ಬರ ಕಣ್ಣಿನ ಸುದ್ದಿ ಹೇಳೂದಿಲ್ರಿ ಅವ್ವಾ. ಅಕ್ಕನ ರಕ್ತ ಬಂದಿದ್ರ ಬಹುಶಃ ಆವಾಗ್ಲೇ ಕರಸತಿದ್ವಿ."

ಹೊರಗೆ ಬೆಂಚಿನ ಮೇಲೆ ಕಲ್ಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಒಂದ ಮಾತರ ಬೈಯಿ ಯಕ್ಕಾ."

"ಏನಂತ ಬೈಲಿ? ನಾನೂ ಹೂಂ ಅಂದಿದ್ದೆ."

ಡಾಕ್ಟರ್ ಮರಳಿ ಕೊಟ್ಟಿದ್ದ ರಕ್ತದ ಕಾಗದವನ್ನು ಬಾಳವ್ವ ಮಡಿಲಲ್ಲಿಟ್ಟು ನಾಲ್ಕು ಮಡಿಕೆ ಮಾಡಿದಳು. ತಡವಿ ತಂಗಿಯ ಕೈ ಹಿಡಿದಳು.

"ಇದು ನಿಂದು. ನಿನ್ನ ಹಂತ್ಯಾಕ ಇರಲಿ. ನೀನರ ವರ್ಷಾ ಬಂದು ಕಣ್ಣ ತೋರಸು."

ಕಲ್ಲವ್ವ ಕೈ ಹಿಂದೆಳೆದುಕೊಂಡಳು. ಬಾಳವ್ವ ಮತ್ತೆ ತಡವಿ ಆ ಕೈಯನ್ನು ಹುಡುಕಿ, ಬೆರಳು ಬಿಡಿಸಿ, ಕಾಗದವಿಟ್ಟು, ಮುಷ್ಟಿ ಮುಚ್ಚಿದಳು.