ರಬ್ಬರಿನ ಉಂಗುರ

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಹೊಳೆಹೊನ್ನೂರಿನ ಸುತ್ತ ಮೆಕ್ಕೆಜೋಳ ಮುರಿದು, ಬಿಡಿಸಿ, ಟಾರು ರಸ್ತೆಯ ಅರ್ಧಕ್ಕೇ ಹರವಿ ಒಣಗಿಸುವ ಕಾಲ. ಉಳಿದರ್ಧದಲ್ಲಿ ಬಸ್ಸಿನವರು ಬೈದುಕೊಂಡು ಹೋಗುತ್ತಾರೆ. ಬೆಳಗಿನ ಇಬ್ಬನಿ ಆರುವವರೆಗೆ ಜೋಳ ಮುಟ್ಟುವ ಹಾಗಿಲ್ಲ. ಆರಿದ ಮೇಲೆ ಚೀಲ ಹಿಡಿಯುವವರಿಗೆ, ಬಾಯಿ ಹೊಲಿಯುವವರಿಗೆ ಸೊಂಟ ನೆಟ್ಟಗೆ ಮಾಡಲೂ ಪುರುಸೊತ್ತಿರುವುದಿಲ್ಲ.

ಊರ ಹೊರಗಿನ ಗುರುವಿನ ಗೋಡೌನಿನ ಅಂಗಳದಲ್ಲಿ ತೂಕ ಶುರುವಾಗಿತ್ತು. ಅಪ್ಪ ಕರಿಯಣ್ಣ ತೀರಿಕೊಂಡ ಮೇಲೆ ಸುತ್ತಲಿನ ಸಣ್ಣ ಹಿಡುವಳಿಯವರ ಜೋಳ ಕೊಳ್ಳುವ ವ್ಯಾಪಾರ ಗುರುವಿನದೇ. ಆ ಬೆಳಿಗ್ಗೆ ಮೊದಲ ಪಾಳಿ ಸರ್ವರ್ ಬೀಯದು. ಹಳ್ಳದ ಪಕ್ಕದ ಒಂದೂವರೆ ಎಕರೆಯಲ್ಲಿ ಬೆಳೆದ ಹದಿನಾಲ್ಕು ಚೀಲ. ಮಗ ನಿಯಾಜ್ ಭದ್ರಾವತಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು, ತಾಯಿಯ ಜೋಳ ಇಳಿಸಲೆಂದು ಬಂದಿದ್ದ. ಇಳಿಸಿದ ಮೇಲೆ ಗುರುವಿನ ಜೊತೆ ಶಿವಮೊಗ್ಗಕ್ಕೆ ಹೋಗುವುದಿತ್ತು. ಗುರು ಹೊಸ ಸೈಕಲ್ ಕೊಳ್ಳುವವನಿದ್ದ. ಆರಿಸಿ ಕೊಡಲು ನಿಯಾಜನಿಗಿಂತ ಬಲ್ಲವರು ಅವನಿಗೆ ಯಾರೂ ಗೊತ್ತಿರಲಿಲ್ಲ.

"ಐವತ್ತಾರು," ಎಂದ ಹಮಾಲಿ ಹುಲಿಯಪ್ಪ, ತೂಕದ ಮಿಷನ್ನಿನ ಕೆಂಪು ಅಂಕಿ ನೋಡಿ. ಎರಡನೆಯ ಚೀಲವೂ ಐವತ್ತಾರು. ಮೂರನೆಯದೂ.

ಸರ್ವರ್ ಬೀ ಸೆರಗು ಸರಿಮಾಡಿಕೊಂಡು ಹತ್ತಿರ ಬಂದಳು. "ಕೊಳಗದಲ್ಲಿ ಅಳೆದು ತುಂಬಿದೀನಪ್ಪ ಹುಲಿಯಪ್ಪ. ಅರವತ್ತು ಬರ್ಬೇಕು."

"ಮಿಷನ್ ಹೇಳಿದ್ದು ನಾನು ಹೇಳ್ತೀನಮ್ಮ."

"ನನ್ನ ಅತ್ತೆ ಕಾಲದ ಕೊಳಗ ಅದು. ಒಂದು ದಿನಕ್ಕೂ ತಪ್ಪಿಲ್ಲ."

ಪಾಳಿಗೆ ಕಾದಿದ್ದವರಲ್ಲಿ ಯಾರೋ ನಕ್ಕರು. ನಿಯಾಜನಿಗೆ ಮುಜುಗರವಾಯಿತು. "ಅಮ್ಮಿ, ಸಾಕು ಸುಮ್ನಿರು! ಕೊಳಗ ತಗೊಂಡು ಮಿಷನ್ ಜೊತೆ ಜಗಳಕ್ಕೆ ನಿಂತಿದೀಯಲ್ಲ. ಗುರಣ್ಣನ ಕಾಟಾ ಸುಳ್ಳು ಹೇಳುತ್ತಾ? ಮರ್ಯಾದೆ ತೆಗೀಬೇಡ."

ಸರ್ವರ್ ಬೀ ಮಗನ ಮುಖ ನೋಡಿದಳು, ಹಮಾಲಿಗಳ ಮುಖ ನೋಡಿದಳು, ಆಮೇಲೆ ಹೋಗಿ ಬೇಲಿಯ ಹತ್ತಿರದ ಕಲ್ಲಿನ ಮೇಲೆ ಕೂತಳು. ಗುರು ಪುಸ್ತಕದಲ್ಲಿ ತಲೆ ಹುದುಗಿಸಿ ಐವತ್ತಾರು, ಐವತ್ತಾರು ಎಂದು ಬರೆಯುತ್ತ ಹೋದ.

ತೂಕ ಮುಗಿದಾಗ ಗುರುವೇ ಮಿಷನ್ ಹತ್ತಿ ನಿಂತ. ಅದು ಅವನ ದಿನದ ಪದ್ಧತಿ. ಶಿವಮೊಗ್ಗದ ಭಾನುವಾರದ ಸೈಕಲ್ ಗುಂಪು ಸೇರಿದಾಗಿನಿಂದ ಎಷ್ಟು ಇಳಿದೆ ಎಂದು ನೋಡಿಕೊಳ್ಳುವುದು. "ಎಂಬತ್ತನಾಲ್ಕು ನೋಡು ಮಾರಾಯ! ಬಾ, ನೀನೂ ನಿಲ್ಲು."

ನಿಯಾಜ್ ನಿಂತ. ಐವತ್ತಾರು.

"ಏ, ಮೊನ್ನೆ ರಕ್ತ ಕೊಡೋವಾಗ ಅರವತ್ತಿದ್ದೆ ಗುರಣ್ಣ."

"ರಕ್ತ ಕೊಟ್ಟು ನಾಲ್ಕು ಕೆಜಿ ಇಳಿದಿದೀಯ, ಬಿಡು," ಎಂದ ಗುರು. ಎಲ್ಲರೂ ನಕ್ಕರು. ಹುಲಿಯಪ್ಪ ಮಾತ್ರ ಚೀಲದ ಬಾಯಿ ಹೊಲಿಯುವುದರಲ್ಲಿದ್ದ.

ಶಿವಮೊಗ್ಗದ ಕೋಟೆ ರಸ್ತೆಗೆ ಹೊಂದಿಕೊಂಡ ಓಣಿಯಲ್ಲಿ ವಿಶ್ವಾರಾಧ್ಯನ ಸೈಕಲ್ ಅಂಗಡಿ. ಅವನು ಮಾಳಿಗೆಯಿಂದ ಎರಡು ಸೈಕಲ್ ಇಳಿಸಿ ನಿಲ್ಲಿಸಿದ. ಎರಡಕ್ಕೂ ಕುಲುಕು ತಡೆಯುವ ಶಾಕ್ ಮುಂದೆಯೂ ಇತ್ತು, ಹಿಂದೆಯೂ ಇತ್ತು. ಬರೀ ಮುಂದೆ ಶಾಕ್ ಇದ್ದ ಎರವಲು ಸೈಕಲ್ಲಿನಲ್ಲಿ ಹೊಳಲೂರಿನಾಚೆಯ ಗುಡ್ಡದ ಕಾಲುದಾರಿ ಇಳಿದು ಗುರುವಿನ ಬೆನ್ನು ಒಂದು ವಾರ ಹಿಡಿದುಕೊಂಡಿತ್ತು. ಹಿಂದೆಯೂ ಶಾಕ್ ಇರುವುದೇ ಬೇಕೆಂದು ಅಂದೇ ನಿರ್ಧರಿಸಿದ್ದ.

ಒಂದು ಕಿತ್ತಳೆ ಬಣ್ಣದ್ದು. ದಪ್ಪ ಮೈ, ದಪ್ಪ ಶಾಕ್, ನೋಡಿದರೆ ಸಣ್ಣ ಮೋಟಾರ್ ಬೈಕಿನ ಹಾಗೆ. ಇನ್ನೊಂದು ಬೂದಿ ಬಣ್ಣದ್ದು, ತೆಳುವು. ಗುರುವಿನ ಕಣ್ಣು ಕಿತ್ತಳೆಯ ಮೇಲೆಯೇ.

"ಅದು ಬೇಡ ಗುರಣ್ಣ," ಎಂದ ನಿಯಾಜ್. "ಅದು ಬಂಡೆ ಮೇಲಿಂದ ಹಾರೋರಿಗೆ. ನೀವು ಹಾರ್ತೀರಾ?"

"ಸಾಹುಕಾರ್ರು ಹಾರಿದ್ರೆ ಬಂಡೆಗೇ ಪೆಟ್ಟು," ಎಂದ ವಿಶ್ವಾರಾಧ್ಯ.

"ಹತ್ತೋವಾಗ ಅದು ನಿಮ್ಮ ಪ್ರಾಣ ತಿನ್ನುತ್ತೆ. ತೂಕ ಜಾಸ್ತಿ, ತುಳಿದಿದ್ದೆಲ್ಲ ಶಾಕೇ ಕುಡ್ಕೊಂಡ್ಬಿಡುತ್ತೆ. ನಿಮ್ಮದು ಗುಡ್ಡ ಹತ್ತೋದು, ಇಳಿಯೋದು, ಬೇರು, ಕಲ್ಲು, ಗದ್ದೆ ಬದು. ಬೂದಿಯದು ಸಾಕು. ಇದರ ಸೀಟು ನೋಡಿ, ಇಳಿಜಾರು ಬಂದಾಗ ಈ ಗುಂಡಿ ಒತ್ತಿದ್ರೆ ಕೆಳಗೆ ಹೋಗುತ್ತೆ. ಅಷ್ಟೇ ಬೇಕಾಗಿರೋದು. ಕಮ್ಮಿ ದುಡ್ಡೂ ಆಯ್ತು."

ನಿಯಾಜ್ ಗುರುವನ್ನು ಬೂದಿ ಸೈಕಲ್ಲಿನ ಅಡ್ಡಪಟ್ಟಿಯ ಆಚೀಚೆ ಕಾಲಿಡಿಸಿ ನಿಲ್ಲಿಸಿ ನೋಡಿದ, ಕೈ ಚಾಚಿಸಿ ನೋಡಿದ, ಓಣಿಯ ಕೊನೆಯವರೆಗೆ ಓಡಿಸಿ ನೋಡಿದ. ತನ್ನ ದುಡ್ಡಿಗೆ ಕೊಳ್ಳುವವನ ಹಾಗೆ ನೋಡಿದ. ಬೆಳಗಿನ ವ್ಯಾಪಾರ ಬಿಟ್ಟು, ಅಂಗಡಿಗೆ ಬೀಗ ಹಾಕಿ ಬಂದಿದ್ದ ಎಂಬುದು ಗುರುವಿಗೆ ಆಗ ನೆನಪಾಯಿತು.

"ಸರಿ, ಇದೇ ಇರ್ಲಿ," ಎಂದ ಗುರು.

"ಹಾಗಾದ್ರೆ ಶಾಕಿಗೆ ಗಾಳಿ ಕೂರಿಸೋಣ. ಎಷ್ಟು ತೂಕ ನೀವು?"

"ಎಂಬತ್ತನಾಲ್ಕು. ನಮ್ಮ ಕಾಟಾದಲ್ಲೇ ನೋಡಿದ್ಯಲ್ಲ."

ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಎಂಬತ್ತನಾಲ್ಕು ಕೆಜಿಗೆ ಎಷ್ಟು ಗಾಳಿ ಎಂದು ನೋಡಿ ನಿಯಾಜ್ ಹಿಂದಿನ ಶಾಕಿಗೆ ಸಣ್ಣ ಪಂಪಿನಿಂದ ಹೊಡೆದ. ಶಾಕಿನ ನಯವಾದ ಕಡ್ಡಿಗೆ ಕಪ್ಪು ರಬ್ಬರಿನ ಒಂದು ಉಂಗುರ ಇತ್ತು. ಅದನ್ನು ತುದಿಗೆ ಸರಿಸಿದ. "ನಿಧಾನ ಕೂತ್ಕೊಳ್ಳಿ. ಕುಲುಕಬೇಡಿ. ಕೂತಾಗ ಶಾಕ್ ಎಷ್ಟು ಕುಸಿಯುತ್ತೋ ಅಷ್ಟು ದೂರ ಈ ಉಂಗುರ ತಳ್ಕೊಂಡು ಹೋಗುತ್ತೆ. ಈ ಗೆರೆ ಹತ್ರ ನಿಲ್ಬೇಕು."

ಗುರು ಕೂತ. ಇಳಿದ. ಉಂಗುರ ಗೆರೆ ದಾಟಿ ಹೋಗಿತ್ತು.

ನಿಯಾಜ್ ಮತ್ತೆ ನೋಡಿದ. ಮತ್ತೆ ಕೂರಿಸಿದ. ಉಂಗುರ ಮತ್ತೆ ಅಲ್ಲೇ. "ಪಂಪಿನ ಮೀಟರ್ ಸರಿ ಇಲ್ವೇನೋ," ಎಂದು ಬೇರೆ ಪಂಪು ಹಾಕಿದ. ಹಾಗೇ. ಕಿತ್ತಳೆಯದನ್ನೂ ಅದರ ಪಟ್ಟಿಯಂತೆ ತುಂಬಿ ಕೂರಿಸಿದ. ಅಲ್ಲೂ ಉಂಗುರ ಗೆರೆ ದಾಟಿತು.

"ಸಾಹುಕಾರ್ರು ಎಲ್ಲೋ ಐದಾರು ಕೆಜಿ ಬಚ್ಚಿಟ್ಕೊಂಡಿದಾರೆ," ಎಂದ ವಿಶ್ವಾರಾಧ್ಯ ನಗುತ್ತ. ಮೇಜಿನ ಕೆಳಗಿಂದ ನಿಂತು ತೂಕ ನೋಡುವ ಗಾಜಿನ ಹಲಗೆ ಎಳೆದ. "ಬನ್ನಿ, ನಿಲ್ಲಿ."

ತೊಂಬತ್ತು.

ಆ ಕ್ಷಣದಲ್ಲೇ ಗುರುವಿಗೆ ಗೊತ್ತಾಯಿತು. ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ಮೂರು ವರ್ಷದ ಹಿಂದೆ ಹೊಸ ಮಿಷನ್ ತಂದಾಗ ರಿಪೇರಿಯವನನ್ನು ಕರೆಸಿ, ಅರವತ್ತಕ್ಕೆ ಐವತ್ತಾರು ತೋರಿಸುವ ಹಾಗೆ ಕೂರಿಸಿದವನು ಅವನೇ. ಮೊದಲ ಒಂದು ತಿಂಗಳು ಸಿಕ್ಕಿಬೀಳುವ ಹೆದರಿಕೆಯಿತ್ತು. ಆಮೇಲೆ ಅಭ್ಯಾಸವಾಯಿತು. ಎಷ್ಟು ಅಭ್ಯಾಸವೆಂದರೆ ತಾನೇ ಅದರ ಮೇಲೆ ದಿನಾ ನಿಂತು, ಅದು ತೋರಿಸಿದ್ದನ್ನು ನಂಬಿ, ಗುಂಪಿನವರ ಮುಂದೆಲ್ಲ ಇಳಿದೆ ಎಂದು ಹೇಳಿಕೊಂಡು ತಿರುಗಿದ್ದ.

"ಬೆಳಿಗ್ಗೆ ತಿಂಡಿ ಜಾಸ್ತಿ ಆಯ್ತು," ಎಂದ.

ನಿಯಾಜ್ ಚಪ್ಪಲಿ ಬಿಟ್ಟು ತಾನೂ ಹಲಗೆ ಹತ್ತಿದ. ಅರವತ್ತು. ಬಹಳ ಹೊತ್ತು ಆ ಅಂಕಿಯನ್ನೇ ನೋಡಿ ಇಳಿದ. ಬೂದಿ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತೊಂಬತ್ತಕ್ಕೆ ಎಷ್ಟೋ ಅಷ್ಟು ಗಾಳಿ ತುಂಬಿದ. ಗುರು ಕೂತ. ಉಂಗುರ ಗೆರೆಯ ಮೇಲೆ ಬಂದು ನಿಂತಿತು.

"ಈಗ ಸರಿ ಆಯ್ತು," ಎಂದ ನಿಯಾಜ್, ಮುಖ ಎತ್ತದೆ.

ಸೈಕಲ್ಲನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಇಬ್ಬರೂ ಭದ್ರಾವತಿಗೆ ಬಂದರು. ಅಂಗಡಿಯ ಮುಂದೆ ಗಾಡಿ ನಿಂತಾಗ ನಿಯಾಜ್ ಇಳಿಯಲಿಲ್ಲ.

"ಬೆಳಿಗ್ಗೆ ಅಮ್ಮಿಗೆ ಬೈದೆ ಗುರಣ್ಣ."

"ಹೂಂ."

"ಹಮಾಲಿಗಳ ಮುಂದೆ ಬೈದೆ. ಮರ್ಯಾದೆ ತೆಗೀಬೇಡ ಅಂದೆ."

ಗುರು ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದ. "ನಿಯಾಜ್, ಚೀಲಕ್ಕೆ ನಾಲ್ಕರಂತೆ ಎಷ್ಟಾಗುತ್ತೋ ನಾನು ಲೆಕ್ಕ..."

"ಲೆಕ್ಕ ಅಮ್ಮಿ ಹಾಕ್ತಾಳೆ. ಅವಳ ಹತ್ರ ಕೊಳಗ ಇದೆ." ಬಾಗಿಲು ತೆಗೆದು ಇಳಿದ. ದಿನದ ಕೂಲಿಯೆಂದು ಗುರು ಚಾಚಿದ ನೋಟುಗಳ ಕಡೆ ತಿರುಗಿಯೂ ನೋಡಲಿಲ್ಲ.

ಇಳಿಹೊತ್ತಿಗೆ ಗುರು ಹೊಸ ಸೈಕಲ್ ಹತ್ತಿ ಹಳ್ಳದ ದಾರಿ ಹಿಡಿದ. ಗಾಡಿ ಬಿಟ್ಟು ಸೈಕಲ್ಲಿನಲ್ಲಿ ಹೊರಟದ್ದು, ತಲುಪುವುದು ಸ್ವಲ್ಪ ತಡವಾಗಲಿ ಎಂದಿರಬೇಕು. ತಡವಾಗಲಿಲ್ಲ. ಟ್ರ್ಯಾಕ್ಟರ್ ಗಾಲಿ ಕೊರೆದು ಒಣಗಿದ ಗುಂಡಿಗಳು, ಎದ್ದ ಕಲ್ಲುಗಳು, ಯಾವುದೂ ಮೈಗೆ ತಾಗಲಿಲ್ಲ. ನಿಯಾಜ್ ಕೂರಿಸಿದ ಗಾಳಿ ಅಷ್ಟು ಸರಿಯಾಗಿತ್ತು. ಸೈಕಲ್ ಅವನನ್ನು ನೀರಿನ ಮೇಲೆ ಒಯ್ದ ಹಾಗೆ ಒಯ್ದು ಸರ್ವರ್ ಬೀಯ ಅಂಗಳದಲ್ಲಿ ಇಳಿಸಿತು.

ಅವಳು ಮೊರದಲ್ಲಿ ಕೋಳಿಗೆ ಜೋಳದ ನುಚ್ಚು ಕೇರುತ್ತಿದ್ದಳು. "ಬಾ ಗುರು. ಇದೇನಾ ಹೊಸದು? ನಿಯಾಜ್ ಆರಿಸಿದ್ದಾ?"

"ಹೂಂನಮ್ಮ." ಜೇಬಿನಿಂದ ಕವರು ತೆಗೆದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೇ ಬೇರೆ, ಹೊರಟ ಮಾತೇ ಬೇರೆ. "ರೇಟು ಸ್ವಲ್ಪ ಏರ್ತು. ನಿಮ್ಮ ಪಾಲಿಂದು..."

ಸರ್ವರ್ ಬೀ ಮೊರ ಕೆಳಗಿಟ್ಟಳು. "ಬೆಳಿಗ್ಗೆ ತೂಗಿದ ಜೋಳಕ್ಕೆ ಸಂಜೆ ರೇಟು ಏರಿತಾ? ನಿಮ್ಮಪ್ಪ ರೇಟು ಇಳಿದಾಗ ಮಾತ್ರ ಮನೆ ತನಕ ಹೇಳಿ ಕಳಿಸ್ತಿದ್ದ."

ಗುರು ಚಾಚಿದ ಕವರನ್ನು ಕೆಳಗಿಳಿಸಿದ.

"ರೇಟಲ್ಲಿ ಕೊಯ್ತಿದ್ದ ಅವನು. ತೂಕದಲ್ಲಿ ಕೊಯ್ಯಲಿಲ್ಲ. ಈಗ ಹೇಳು, ಇದು ಯಾತರ ದುಡ್ಡು?"

ಹೇಳಿದ. ನೆಲ ನೋಡಿಕೊಂಡು, ಮೊದಲಿಂದ ಕೊನೆವರೆಗೆ ಹೇಳಿದ. ಹದಿನಾಲ್ಕು ಚೀಲಕ್ಕೆ ಹತ್ತಿರ ಹತ್ತಿರ ಒಂದು ಚೀಲವೇ ಹೋಗಿದೆ ಎಂದ. ಹಿಂದಿನ ಎರಡು ವರ್ಷವೂ ಹಾಗೇ ಹೋಗಿದೆ ಎಂದ. ಕೋಳಿಗಳು ಮೊರದೊಳಗೆ ಕಾಲಿಟ್ಟರೂ ಸರ್ವರ್ ಬೀ ಓಡಿಸಲಿಲ್ಲ.

"ಆ ಮಿಷನ್ ನೋಡಿದಾಗಿಂದ ನಾನು ಕೊಳಗ ತೊಳೆದು ನೋಡಿದೀನಿ, ತಳ ಸವೆದಿದೆಯಾ ಅಂತ ಬೆರಳಾಡಿಸಿ ನೋಡಿದೀನಿ," ಎಂದಳು ಕೊನೆಗೆ. "ನನ್ನ ಕೈಯೇ ಸರಿಯಾಗಿ ಅಳೀತಿಲ್ಲ, ವಯಸ್ಸಾಯ್ತು ಅಂದ್ಕೊಂಡೆ. ಇವತ್ತು ಮಗನೂ ಅದನ್ನೇ ಅಂದ."

"ತಪ್ಪಾಯ್ತಮ್ಮ."

"ಇಲ್ಲಿ ನನಗೂ ಕೋಳಿಗೂ ಹೇಳಿದ್ರೆ ಏನು ಬಂತು? ಅವನು ನನ್ನ ಬೈದಿದ್ದು ನಿನ್ನ ಅಂಗಳದಲ್ಲಿ. ಅಲ್ಲೇ ಹೇಳು. ಕವರು ಅಲ್ಲೇ ಕೊಡು."

ಆ ಸಂಜೆಯಿಂದ ಬೆಳಗಿನವರೆಗೆ ಗುರುವಿನ ಮುಂದೆ ಇದ್ದದ್ದು ಅದೊಂದೇ. ಸದ್ದಿಲ್ಲದೆ ಮಿಷನ್ ಸರಿಮಾಡಿಸಿಬಿಡಬಹುದಿತ್ತು. ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿಯಾಜ್ ಬಾಯಿ ಬಿಡುವವನಲ್ಲ. ಅವನು ಬಾಯಿ ಬಿಡುವವನಲ್ಲ ಎನ್ನುವುದನ್ನೇ ಗುರುವಿಗೆ ತಡೆದುಕೊಳ್ಳಲಾಗಲಿಲ್ಲ. ಬೆಳಕು ಹರಿದ ಕೂಡಲೇ ಶಿವಮೊಗ್ಗಕ್ಕೆ ಹೋಗಿ ವಿಶ್ವಾರಾಧ್ಯನ ಮನೆ ಬಾಗಿಲು ತಟ್ಟಿ, ಆ ಗಾಜಿನ ಹಲಗೆ ಕೇಳಿ ತಂದ.

ಇಬ್ಬನಿ ಆರುತ್ತಿತ್ತು. ಅಂಗಳದಲ್ಲಿ ಆಗಲೇ ಹತ್ತು ಹನ್ನೆರಡು ಜನ. ಹೊಳಲೂರು ಕಡೆಯಿಂದ ನಾಗೇಶ್ ಟ್ರ್ಯಾಕ್ಟರ್ ತುಂಬ ಜೋಳ ತಂದಿದ್ದ. ಸರ್ವರ್ ಬೀ ನಿನ್ನೆಯ ಕಲ್ಲಿನ ಮೇಲೆ ಕೂತಿದ್ದಳು. ಅವಳು ಹೇಳಿ ಕಳಿಸಿದ್ದಕ್ಕೆ ಬಂದ ನಿಯಾಜ್ ಅವಳಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದ.

"ಹುಲಿಯಪ್ಪ, ಚೀಲ ಬೇಡ," ಎಂದ ಗುರು. ಚಪ್ಪಲಿ ಬಿಟ್ಟು ತಾನೇ ಮಿಷನ್ ಹತ್ತಿದ. "ಎಷ್ಟು, ಹೇಳು."

"ಎಂಬತ್ತನಾಲ್ಕು," ಎಂದ ಹುಲಿಯಪ್ಪ. ಅಂಕಿಯ ಕಡೆ ನೋಡದೆಯೇ ಹೇಳಿದ.

ಗುರು ಇಳಿದು ಗಾಜಿನ ಹಲಗೆಯನ್ನು ಸಿಮೆಂಟಿನ ಮೇಲಿಟ್ಟು ಹತ್ತಿದ. "ಇದ್ರಲ್ಲಿ?"

ಹುಲಿಯಪ್ಪ ಬಗ್ಗಿದ. ಬಗ್ಗಿಯೇ ಇದ್ದ. "ತೊಂಬತ್ತು."

"ಸರಿ ಇರೋದು ಇದು. ಸರ್ವರ್ ಬೀ ಅಮ್ಮನ ಕೊಳಗ ಸರಿ ಇತ್ತು. ನಮ್ಮ ಮಿಷನ್ ಸುಳ್ಳು. ನಾನೇ ಹಾಗೆ ಮಾಡಿಸಿದ್ದು." ಕವರು ತೆಗೆದು ಸರ್ವರ್ ಬೀಯ ಕೈಗೆ ಕೊಟ್ಟ.

ಅವಳು ಎಣಿಸಲಿಲ್ಲ. ಮಡಿಲಿಗೆ ಹಾಕಿಕೊಂಡು ಮಗನ ಕಡೆ ನೋಡಿದಳು. ನಿಯಾಜ್ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ.

ಕೈ ಮಾಡುವರೆಂದು ಗುರು ಕಾದ. ಬೈಯುವರೆಂದು ಕಾದ. ನಾಗೇಶ್ ಟ್ರ್ಯಾಕ್ಟರಿನಿಂದ ಇಳಿದು ಹತ್ತಿರ ಬಂದ. ಸಮಾಧಾನವಾಗಿಯೇ ಕೇಳಿದ.

"ಹೋದ ವರ್ಷ ನಂದು ನೂರಾ ಹತ್ತು ಚೀಲ ತೂಗಿದ್ರಿ ಗುರಣ್ಣ. ಅದ್ರ ಹಿಂದಿನ ವರ್ಷ ತೊಂಬತ್ತು."

ಅವನ ಹಿಂದೆ ಇನ್ನೊಬ್ಬ ನಿಂತಿದ್ದ. ಅವನ ಹಿಂದೆ ಮತ್ತೊಬ್ಬ. ಗೋಡೌನಿನ ಗೋಡೆಗೆ ಬೂದಿ ಬಣ್ಣದ ಸೈಕಲ್ ಒರಗಿತ್ತು. ಗುರು ಇನ್ನೂ ಬರಿಗಾಲಲ್ಲಿ ಆ ಗಾಜಿನ ಹಲಗೆಯ ಪಕ್ಕದಲ್ಲೇ ನಿಂತಿದ್ದ. ಕೊಡಲು ಅವನ ಜೇಬಿನಲ್ಲಿ ಬೇರೆ ಕವರಿರಲಿಲ್ಲ.